ಲಾಭ ದುಪ್ಪಟ್ಟು, ಷೇರು ಮಾತ್ರ ಇಳಿಮುಖ: ಫಲಿತಾಂಶಕ್ಕೆ ಮೊದಲು ಸಾಲ ಓದುವ ಬಗೆ

ಮದ್ದೂರಿನ ಹತ್ತಿರದ ಹಳ್ಳಿಯಲ್ಲಿರುವ ನನ್ನ ಭಾವಮೈದುನ ಫೋನು ಮಾಡುವುದು ಎರಡೇ ಸಂದರ್ಭದಲ್ಲಿ: ನಾಲೆಗೆ ನೀರು ಬಾರದಿದ್ದಾಗ ಮತ್ತು ಕೊಂಡ ಷೇರು ಬಿದ್ದಾಗ. ಕಳೆದ ಸಲದ್ದು ಎರಡನೆಯದು.

"ಭಾವ, ಲಾಭ ದುಪ್ಪಟ್ಟಾಗಿದೆ ಎಂದು ಕಂಪನಿಯೇ ಹೇಳಿದೆ. ಷೇರು ನೋಡಿದರೆ ಎರಡು ದಿನದಿಂದ ಇಳಿಯುತ್ತಿದೆ. ಇದು ಯಾವ ಸೀಮೆಯ ನ್ಯಾಯ?"

"ಅದಕ್ಕೆ ಸಾಲ ಎಷ್ಟಿದೆ?"

"ಸಾಲವೇ? ಅದನ್ನು ನಾನೇಕೆ ನೋಡಲಿ? ನಾನು ಕೊಂಡದ್ದು ಷೇರು."

ಈ ಲೇಖನ ಹುಟ್ಟಿದ್ದು ಆ ಕೊನೆಯ ಮಾತಿನಿಂದ. ನಾನು ಮಂಡ್ಯದಲ್ಲೂ ಮೈಸೂರಿನಲ್ಲೂ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತು ಕಂಪನಿಗಳ ಲೆಕ್ಕಪತ್ರ ಓದಿದವನು. ಅಲ್ಲಿ ನಾವು ನಿವ್ವಳ ಲಾಭವನ್ನು ಎಲ್ಲಕ್ಕಿಂತ ಕೊನೆಗೆ ನೋಡುತ್ತಿದ್ದೆವು. ಷೇರು ಕೊಳ್ಳುವವರು ಅದನ್ನೇ ಮೊದಲು ನೋಡುತ್ತಾರೆ. ಎಷ್ಟೋ ಜನ ಅದೊಂದನ್ನೇ ನೋಡುತ್ತಾರೆ. ನಿವೃತ್ತನಾದ ಮೇಲೆ ನಾನೂ ಹಾಗೆಯೇ ನೋಡಿ ಒಮ್ಮೆ ಕೈ ಸುಟ್ಟುಕೊಂಡೆ. ಆ ಕತೆ ಮುಂದೆ ಬರುತ್ತದೆ.

ಕಬ್ಬಿನ ಬಿಲ್ಲಿನ ಲೆಕ್ಕ

ಭಾವಮೈದುನನಿಗೆ ನಾನು ಹೇಳಿದ್ದು ಅವನ ಮನೆಯದೇ ಲೆಕ್ಕ. ಮೂರು ಎಕರೆ ಕಬ್ಬು, 120 ಟನ್ ಎಂದುಕೊಳ್ಳೋಣ. ಟನ್ನಿಗೆ 3,000 ರೂಪಾಯಿಯಂತೆ 3.6 ಲಕ್ಷ. ಗೊಬ್ಬರ, ಕಟಾವು, ಸಾಗಣೆಗೆಲ್ಲ 1.6 ಲಕ್ಷ ಹೋಗಿ ಎರಡು ಲಕ್ಷ ಉಳಿಯುತ್ತದೆ. ಮುಂದಿನ ವರ್ಷ ದರ ಟನ್ನಿಗೆ 300 ಏರಿದರೆ 36 ಸಾವಿರ ಹೆಚ್ಚು, ಉಳಿಕೆ 2.36 ಲಕ್ಷ.

ಸಾಲವಿಲ್ಲದ ರೈತನಿಗೆ ಇದು ಶೇಕಡ 18ರ ಏರಿಕೆ. ಪಕ್ಕದ ಜಮೀನಿನವನಿಗೆ ಅಷ್ಟೇ ಕಬ್ಬು, ಆದರೆ ಸೊಸೈಟಿ ಸಾಲಕ್ಕೆ ವರ್ಷಕ್ಕೆ 1.5 ಲಕ್ಷ ಬಿಲ್ಲಿನಲ್ಲೇ ಕಡಿತವಾಗುತ್ತದೆ. ಅವನ ಕೈಗೆ ಮೊದಲು 50 ಸಾವಿರ ಬರುತ್ತಿತ್ತು, ಈಗ 86 ಸಾವಿರ ಬರುತ್ತದೆ. ಶೇಕಡ 72ರ ಏರಿಕೆ! ಮೂರನೆಯವನು ಕಟ್ಟಬೇಕಾದದ್ದು 2.5 ಲಕ್ಷ. ಮೊದಲು 50 ಸಾವಿರ ಬಾಕಿ ಉಳಿಯುತ್ತಿತ್ತು, ಈಗ 14 ಸಾವಿರ ಉಳಿಯುತ್ತದೆ. ಅವನ ಜೇಬಿಗೆ ಆಗಲೂ ಸೊನ್ನೆ, ಈಗಲೂ ಸೊನ್ನೆ. ದರ ಏರಿದ್ದಕ್ಕೆ ಖುಷಿಪಟ್ಟವರು ಸೊಸೈಟಿಯ ಕಾರ್ಯದರ್ಶಿ.

ಕಬ್ಬು ಒಂದೇ, ದರ ಒಂದೇ, ಸುದ್ದಿಯೂ ಒಂದೇ. ಮೂರು ಮನೆಗಳಲ್ಲಿ ಅದರ ಅರ್ಥ ಬೇರೆ. ಷೇರುದಾರ ಎಂದರೆ ಕಡಿತವೆಲ್ಲ ಮುಗಿದ ಮೇಲೆ ಉಳಿದದ್ದನ್ನು ಪಡೆಯುವವನು. ಫಲಿತಾಂಶ ಬಂದಾಗ ಪೇಟೆ ಕೇಳುವ ಪ್ರಶ್ನೆ, "ಲಾಭ ಎಷ್ಟು ಬಂತು" ಎಂಬುದಲ್ಲ. "ಹೆಚ್ಚಾಗಿ ಬಂದದ್ದು ಯಾರ ಮನೆಗೆ ಹೋಗುತ್ತದೆ" ಎಂಬುದು.

ಈಗ ಇದನ್ನೇ ಕಂಪನಿಗೆ ಹಾಕಿ. ಮೂರು ಕಂಪನಿಗಳಿಗೂ ಸವಕಳಿ (ಯಂತ್ರ, ಕಟ್ಟಡ ಸವೆಯುವುದಕ್ಕೆಂದು ವರ್ಷವರ್ಷ ಬರೆಯುವ ವೆಚ್ಚ) ಕಳೆದು, ಬಡ್ಡಿ ಕಳೆಯುವ ಮೊದಲಿನ ಲಾಭ 100 ಕೋಟಿ. ಬಡ್ಡಿ ಮೊದಲನೆಯದಕ್ಕೆ ಸೊನ್ನೆ, ಎರಡನೆಯದಕ್ಕೆ 40 ಕೋಟಿ, ಮೂರನೆಯದಕ್ಕೆ 90 ಕೋಟಿ. ತೆರಿಗೆ ಸದ್ಯಕ್ಕೆ ಬಿಡಿ. ವ್ಯವಹಾರ ಸ್ವಲ್ಪ ಸುಧಾರಿಸಿ 100 ಕೋಟಿ 110 ಆಯಿತು. ಮೊದಲನೆಯದರ ಲಾಭ ಶೇಕಡ 10 ಏರಿತು. ಎರಡನೆಯದರದು 60ರಿಂದ 70ಕ್ಕೆ, ಅಂದರೆ ಸುಮಾರು ಶೇಕಡ 17. ಮೂರನೆಯದರದು 10ರಿಂದ 20ಕ್ಕೆ: "ಲಾಭ ದುಪ್ಪಟ್ಟು!" ಮರುದಿನ ತಲೆಬರಹಕ್ಕೆ ಬರುವುದು ಈ ಮೂರನೆಯ ಕಂಪನಿಯೇ. ಅದೇ ವ್ಯವಹಾರ ಶೇಕಡ 10 ಇಳಿದಿದ್ದರೆ ಅದರ ಲಾಭ ನೇರ ಸೊನ್ನೆಗೆ ಬರುತ್ತಿತ್ತು ಎಂಬುದನ್ನು ತಲೆಬರಹ ಹೇಳುವುದಿಲ್ಲ.

ದೊಡ್ಡ ಹೂಡಿಕೆದಾರರಿಗೆ ಇದು ಗೊತ್ತು. ಹಾಗಾಗಿ ಸಾಲದ ಭಾರ ಹೊತ್ತ ಕಂಪನಿಯ ಲಾಭ ಜಿಗಿದರೆ ಅವರು ಅಷ್ಟೇ ಎತ್ತರಕ್ಕೆ ಜಿಗಿಯುವುದಿಲ್ಲ. ಲಾಭದ ಸುದ್ದಿಗೂ ಷೇರಿನ ಬೆಲೆಗೂ ಇರುವ ನಂಟನ್ನು ಅಂಕಿ ಅಂಶ ಹಿಡಿದು ತೋರಿಸಿದವರಲ್ಲಿ ಮೊದಲಿಗರು ರೇ ಬಾಲ್ ಮತ್ತು ಫಿಲಿಪ್ ಬ್ರೌನ್, 1968ರಲ್ಲಿ. 1991ರಲ್ಲಿ ದಲಿವಾಲ್, ಲೀ ಮತ್ತು ಫಾರ್ಗರ್ ಎಂಬ ಮೂವರು ಸಂಶೋಧಕರು ಅದೇ ನಂಟನ್ನು ಸಾಲದ ಕಣ್ಣಿನಿಂದ ನೋಡಿದರು. ನಿರೀಕ್ಷೆಗಿಂತ ಹೆಚ್ಚು ಬಂದ ಪ್ರತಿ ರೂಪಾಯಿ ಲಾಭಕ್ಕೆ ಷೇರು ಎಷ್ಟು ಸ್ಪಂದಿಸುತ್ತದೆ ಎಂದು ಅಳೆದಾಗ, ಸಾಲ ಹೆಚ್ಚಿದ್ದ ಕಂಪನಿಗಳಲ್ಲಿ ಆ ಸ್ಪಂದನ ಕಡಿಮೆ ಇತ್ತು. ಒಳ್ಳೆಯ ಸುದ್ದಿಯ ಒಂದು ಪಾಲು ಸಾಲ ಕೊಟ್ಟವರ ಭದ್ರತೆಗೆ ಸಂದುಹೋಗುತ್ತದೆ ಎಂಬುದು ಅದರ ತಿರುಳು. ಮಂಡ್ಯದ ಸೊಸೈಟಿ ಕಾರ್ಯದರ್ಶಿಗೆ ಇದು ಹೊಸ ವಿಷಯವೇನಲ್ಲ.

ಇನ್ನು ಕೆಲಸಕ್ಕೆ ಬರೋಣ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಷೇರನ್ನು ಕೊಳ್ಳಬೇಕು ಎಂದು ನಾನು ಹೇಳುವುದಿಲ್ಲ; ಕೊಂಡದ್ದನ್ನು ಓದುವುದು ಹೇಗೆಂದು ಮಾತ್ರ ಹೇಳುತ್ತೇನೆ.

ಮೊದಲ ಹೆಜ್ಜೆ: ತಾರೀಖು ಗುರುತು ಹಾಕಿ

ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಂತೆ ಷೇರುಪೇಟೆಯಲ್ಲಿರುವ ಕಂಪನಿ ತ್ರೈಮಾಸಿಕ ಮುಗಿದ 45 ದಿನದೊಳಗೆ ಫಲಿತಾಂಶ ಕೊಡಬೇಕು. ಮಾರ್ಚ್ ಅಂತ್ಯದ ಪೂರ್ಣ ವರ್ಷದ ಲೆಕ್ಕಕ್ಕೆ 60 ದಿನ. ಅಂದರೆ ಆಗಸ್ಟ್ 14, ನವೆಂಬರ್ 14, ಫೆಬ್ರವರಿ 14, ಮೇ 30 ಕೊನೆಯ ದಿನಗಳು. ಫಲಿತಾಂಶ ಒಪ್ಪುವ ಆಡಳಿತ ಮಂಡಳಿಯ ಸಭೆ ಯಾವಾಗ ಎಂಬ ಸೂಚನೆ ಷೇರುಪೇಟೆಗಳಾದ ಬಿಎಸ್‌ಇ, ಎನ್‌ಎಸ್‌ಇ ಜಾಲತಾಣಗಳಲ್ಲಿ ಮೊದಲೇ ಬರುತ್ತದೆ. ಓದುವ ಕೆಲಸವೆಲ್ಲ ಆ ದಿನಕ್ಕೆ ಮೊದಲು ಮುಗಿಯಬೇಕು. ಫಲಿತಾಂಶ ಬಂದ ಮೇಲೆ ಸಾಲ ಹುಡುಕಲು ಕೂತರೆ, ಮದುವೆ ಮುಗಿದ ಮೇಲೆ ಜಾತಕ ನೋಡಿದಂತೆ.

ಇಲ್ಲೊಂದು ಸೂಕ್ಷ್ಮ ಸಂಗತಿ. ಆಸ್ತಿ ಮತ್ತು ಹೊಣೆಗಳ ಪಟ್ಟಿ, ಅಂದರೆ ಬ್ಯಾಲೆನ್ಸ್ ಶೀಟ್, ನಾಲ್ಕೂ ಬಾರಿ ಬರಬೇಕೆಂದಿಲ್ಲ. ಕಡ್ಡಾಯವಾಗಿ ಬರುವುದು ಸೆಪ್ಟೆಂಬರ್ ಮತ್ತು ಮಾರ್ಚ್ ಲೆಕ್ಕದ ಜೊತೆ ಮಾತ್ರ. ಜೂನ್, ಡಿಸೆಂಬರ್ ಫಲಿತಾಂಶದಲ್ಲಿ ಸಾಲ ಎಷ್ಟೆಂದು ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಆಗ ನಿಮಗಿರುವ ಕಿಟಕಿ ಒಂದೇ: "ಹಣಕಾಸು ವೆಚ್ಚ" ಎಂಬ ಸಾಲು. ಬಡ್ಡಿ ಅಲ್ಲಿರುತ್ತದೆ. ಹಿಂದಿನ ಐದು ತ್ರೈಮಾಸಿಕಗಳ ಹಣಕಾಸು ವೆಚ್ಚವನ್ನು ಒಂದರ ಪಕ್ಕ ಒಂದು ಬರೆದುಕೊಳ್ಳಿ. ಸಾಲ ಬೆಳೆಯುತ್ತಿದೆಯೋ ಕರಗುತ್ತಿದೆಯೋ ಎಂದು ಆ ಐದು ಅಂಕಿಗಳು ಹೇಳುತ್ತವೆ. ಷೇರುಪೇಟೆಯಲ್ಲಿ ಸಾಲಪತ್ರಗಳನ್ನು ನೋಂದಾಯಿಸಿದ ಕಂಪನಿಯಾದರೆ ಕೆಲಸ ಇನ್ನೂ ಸುಲಭ. ಸಾಲ ಮತ್ತು ಬಂಡವಾಳದ ಅನುಪಾತ, ಬಡ್ಡಿ ತೀರಿಸುವ ಶಕ್ತಿಯ ಅನುಪಾತಗಳನ್ನು ಅದು ಪ್ರತಿ ತ್ರೈಮಾಸಿಕವೂ ಕೊಡಬೇಕು. ಫಲಿತಾಂಶದ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತವೆ.

ಎರಡನೆಯ ಹೆಜ್ಜೆ: ಸಾಲವನ್ನು ಒಂದೆಡೆ ಗುಡ್ಡೆ ಹಾಕಿ

ಕನ್ಸಾಲಿಡೇಟೆಡ್ ಲೆಕ್ಕವನ್ನೇ, ಅಂದರೆ ಅಂಗಸಂಸ್ಥೆಗಳನ್ನೂ ಕೂಡಿಸಿದ ಲೆಕ್ಕವನ್ನೇ ತೆರೆಯಿರಿ. ಮೂಲ ಕಂಪನಿಯ ಲೆಕ್ಕ ಮಾತ್ರ ನೋಡಿದರೆ ಅಂಗಸಂಸ್ಥೆಯ ಹೆಗಲ ಮೇಲಿರುವ ಸಾಲ ಕಾಣುವುದಿಲ್ಲ. ದೀರ್ಘಾವಧಿ ಸಾಲ, ಅಲ್ಪಾವಧಿ ಸಾಲ ಎರಡನ್ನೂ ಕೂಡಿ. ಈ ವರ್ಷವೇ ತೀರಿಸಬೇಕಾದ ದೀರ್ಘಾವಧಿ ಸಾಲದ ಕಂತುಗಳು ಅಲ್ಪಾವಧಿ ಸಾಲದ ಅಡಿಯಲ್ಲಿರುತ್ತವೆ. ಬಾಡಿಗೆ ಕರಾರಿನ ಹೊಣೆ, ಅಂದರೆ ಲೀಸ್, ಬೇರೆ ಸಾಲಿನಲ್ಲಿದೆ. ಅಂಗಡಿ ಸರಣಿ, ವಿಮಾನ ಸಂಸ್ಥೆಗಳಿಗೆ ಅದನ್ನು ಕೂಡದೆ ಲೆಕ್ಕ ಪೂರ್ತಿಯಾಗುವುದಿಲ್ಲ. ಬಂದ ಮೊತ್ತದಿಂದ ನಗದು, ಬ್ಯಾಂಕಿನಲ್ಲಿರುವ ಹಣ, ಕೂಡಲೇ ಮಾರಬಹುದಾದ ಹೂಡಿಕೆ ಕಳೆಯಿರಿ. ಉಳಿದದ್ದು ನಿವ್ವಳ ಸಾಲ.

ಈಗ ನನ್ನ ಹಳೆಯ ಮೇಜಿನ ಒಂದು ಗುಟ್ಟು. ಮಾರ್ಚ್ 31ರಂದು ಎಲ್ಲರ ಕ್ಯಾಶ್ ಕ್ರೆಡಿಟ್ ಖಾತೆಯೂ (ಬೇಕಾದಾಗ ಎತ್ತಿ, ಹಣ ಬಂದಾಗ ಕಟ್ಟುವ ಬ್ಯಾಂಕ್ ಸಾಲದ ಖಾತೆ) ಮಡಿಯುಟ್ಟು ನಿಲ್ಲುತ್ತದೆ. ಗಿರಾಕಿಗಳಿಂದ ಎಳೆದು ತಂದ ಹಣವನ್ನು ಖಾತೆಗೆ ಕಟ್ಟಿ ಸಾಲ ಇಳಿಸುತ್ತಾರೆ, ಏಪ್ರಿಲ್ ಮೊದಲ ವಾರದಲ್ಲೇ ಮತ್ತೆ ಎತ್ತುತ್ತಾರೆ. ಬ್ಯಾಲೆನ್ಸ್ ಶೀಟ್ ಆ ಒಂದು ದಿನದ ಫೋಟೋ, ಅಷ್ಟೇ. ಹಾಗಾದರೆ ಉಳಿದ 364 ದಿನದ ಕತೆ ತಿಳಿಯುವುದು ಹೇಗೆ? ವರ್ಷದ ಬಡ್ಡಿಯನ್ನು ವರ್ಷಾಂತ್ಯದ ಸಾಲದಿಂದ ಭಾಗಿಸಿ. ಸಾಲ 200 ಕೋಟಿ, ಬಡ್ಡಿ 36 ಕೋಟಿ ಎಂದರೆ ಶೇಕಡ 18 ಆಯಿತು. ನೆಟ್ಟಗಿರುವ ಕಂಪನಿಗೆ ಬ್ಯಾಂಕು ಅಂಥ ದರ ಹಾಕುವುದಿಲ್ಲ. ಶೇಕಡ 10ರ ದರ ಹಿಡಿದು ಹಿಂದಕ್ಕೆ ನಡೆದರೆ ವರ್ಷವಿಡೀ ಇದ್ದ ಸರಾಸರಿ ಸಾಲ 360 ಕೋಟಿ. ಹಣಕಾಸು ವೆಚ್ಚದಲ್ಲಿ ಬ್ಯಾಂಕಿನ ಇತರ ಶುಲ್ಕಗಳೂ ಲೀಸಿನ ಬಡ್ಡಿಯೂ ಸೇರಿರುವುದರಿಂದ ಇದು ಪೈಸೆ ಲೆಕ್ಕವಲ್ಲ. ಆದರೆ 200 ಮತ್ತು 360ರ ನಡುವಿನ ಅಂತರ ಶುಲ್ಕದಿಂದ ಹುಟ್ಟುವಂಥದ್ದೂ ಅಲ್ಲ.

ಸಕ್ಕರೆ ಕಾರ್ಖಾನೆಗಳದ್ದು ಇದರ ತಿರುಗುಮುರುಗು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಬಂದ 14 ದಿನದಲ್ಲಿ ರೈತನಿಗೆ ಹಣ ಕೊಡಬೇಕು. ಸಕ್ಕರೆ ಮಾತ್ರ ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂತು ನಿಧಾನವಾಗಿ ಮಾರಾಟವಾಗುತ್ತದೆ. ಚಳಿಗಾಲದಲ್ಲಿ ಅರೆಯುವ ಕಾರ್ಖಾನೆಗಳಲ್ಲಿ ಮಾರ್ಚ್ ಅಂತ್ಯಕ್ಕೆ ದಾಸ್ತಾನು ತುಂಬಿರುತ್ತದೆ, ಅದರ ಮೇಲಿನ ಸಾಲವೂ ತುಂಬಿರುತ್ತದೆ. ಆ ಸಾಲ ನೋಡಿ ಹೆದರಬೇಕಿಲ್ಲ. ಸೆಪ್ಟೆಂಬರ್ ಲೆಕ್ಕದಲ್ಲೂ ಅದು ಇಳಿಯದಿದ್ದರೆ ಹೆದರಬೇಕು. ಕಬ್ಬಿನ ಬಾಕಿ ಎಷ್ಟಿದೆ ಎಂಬುದನ್ನೂ ನೋಡಿ. ಲೆಕ್ಕದಲ್ಲಿ ಅದಕ್ಕೆ ಸಾಲವೆಂಬ ಹೆಸರಿಲ್ಲ, ಆದರೆ ಅದು ರೈತ ಕೊಟ್ಟ ಸಾಲವೇ.

ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳಿಗೆ ಈ ಲೆಕ್ಕವನ್ನು ಹಾಕಲೇಬೇಡಿ. ಅವರಿಗೆ ಸಾಲ ಎಂದರೆ ಹೋಟೆಲಿಗೆ ಅಕ್ಕಿಯಿದ್ದಂತೆ, ಕಚ್ಚಾವಸ್ತು. ಅವುಗಳನ್ನು ಓದುವ ಬಗೆ ಬೇರೆ.

ಮೂರನೆಯ ಹೆಜ್ಜೆ: ಎರಡು ಅಳತೆ ಸಾಕು

ಪುಸ್ತಕಗಳಲ್ಲಿ ಹತ್ತಾರು ಅನುಪಾತಗಳಿವೆ. ನಾನು ನೋಡುವುದು ಎರಡು. ಬಡ್ಡಿಗೆ ಮೊದಲಿನ ಲಾಭ ಬಡ್ಡಿಯ ಎಷ್ಟು ಪಟ್ಟಿದೆ? ನಿವ್ವಳ ಸಾಲವು ಬಡ್ಡಿ, ತೆರಿಗೆ, ಸವಕಳಿಗೆ ಮೊದಲಿನ ವರ್ಷದ ಲಾಭದ ಎಷ್ಟು ಪಟ್ಟಿದೆ? ಮೊದಲನೆಯದು ನಾಲ್ಕಕ್ಕಿಂತ ಹೆಚ್ಚಿದ್ದರೆ ನಾನು ನಿಶ್ಚಿಂತೆಯಿಂದ ಮಲಗುತ್ತೇನೆ. ಎರಡಕ್ಕಿಂತ ಕೆಳಗಿಳಿದರೆ ಫಲಿತಾಂಶದ ದಿನ ಬೆಳಿಗ್ಗೆಯೇ ಎದ್ದು ಕೂರುತ್ತೇನೆ. ಎರಡನೆಯದು ಮೂರು ದಾಟಿದರೆ ಏಕೆ ಎಂದು ಕೇಳುತ್ತೇನೆ. ಇವು ಶಾಸನವಲ್ಲ, ನನ್ನ ರೂಢಿ. ದೀರ್ಘ ಕರಾರಿರುವ ವಿದ್ಯುತ್ ಕಂಪನಿಗೆ ಐದು ಪಟ್ಟು ಸಾಲ ಸಹಜವಿರಬಹುದು. ಲಾರಿ ಬಿಡಿಭಾಗ ಮಾಡುವ ಕಂಪನಿಗೆ ಅಷ್ಟಿದ್ದರೆ ಮುಂದಿನ ಮಂದಗತಿಯಲ್ಲೇ ಉಸಿರು ಕಟ್ಟುತ್ತದೆ.

ನಾಲ್ಕನೆಯ ಹೆಜ್ಜೆ: ಕಂತು ಯಾವಾಗ, ಬಡ್ಡಿ ಎಂಥದು

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಬಹಳ ಮುಖ್ಯವಾದದ್ದು ಇದೇ. 500 ಕೋಟಿ ಸಾಲವನ್ನು ಹತ್ತು ವರ್ಷದಲ್ಲಿ ತೀರಿಸುವುದಕ್ಕೂ ಬರುವ ಮಾರ್ಚ್‌ನಲ್ಲಿ 300 ಕೋಟಿ ಕಟ್ಟುವುದಕ್ಕೂ ಅಜಗಜಾಂತರವಿದೆ. ಕಂಪನಿಗಳು ಸಾಮಾನ್ಯವಾಗಿ ಹೊಸ ಸಾಲ ತಂದು ಹಳೆಯದನ್ನು ತೀರಿಸುತ್ತವೆ. ಹಾಗೆ ತೀರಿಸಬೇಕಾದ ದಿನ ಹತ್ತಿರವಿದ್ದಾಗ ಬಂದ ಫಲಿತಾಂಶ ಷೇರುದಾರರಿಗೆ ಮಾತ್ರ ಬಂದ ಸುದ್ದಿಯಲ್ಲ, ಬ್ಯಾಂಕಿನವರಿಗೆ ಹಾಕಿದ ಅರ್ಜಿಯೂ ಹೌದು.

ಕಂತಿನ ವಿವರ ಸಿಗುವುದು, ಸಾಲ ತೀರಿಸುವ ಶಕ್ತಿಗೆ ದರ್ಜೆ ಕೊಡುವ ರೇಟಿಂಗ್ ಸಂಸ್ಥೆಗಳ ಟಿಪ್ಪಣಿಯಲ್ಲಿ. ಕ್ರಿಸಿಲ್, ಇಕ್ರಾ, ಕೇರ್ ಇವುಗಳ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ಪುಕ್ಕಟೆಯಾಗಿ ತೆರೆದುಕೊಳ್ಳುತ್ತದೆ. ರೇಟಿಂಗ್ ಏರಲು ಏನಾಗಬೇಕು, ಇಳಿಯಲು ಏನಾದರೆ ಸಾಕು ಎಂದು ಅಲ್ಲಿ ಬರೆದಿರುತ್ತಾರೆ. ಆ ಎರಡು ಸಾಲನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಫಲಿತಾಂಶದ ದಿನ ಅದೇ ನಿಮ್ಮ ಅಳತೆಗೋಲು. ಆದರೆ ರೇಟಿಂಗ್ ಅನ್ನೇ ದೇವರು ಮಾಡಿಕೊಳ್ಳಬೇಡಿ. 2018ರಲ್ಲಿ ಮೂಲಸೌಕರ್ಯ ಯೋಜನೆಗಳಿಗೆ ಹಣ ಒದಗಿಸುತ್ತಿದ್ದ ಐಎಲ್ ಅಂಡ್ ಎಫ್‌ಎಸ್ ಅತ್ಯುನ್ನತ ರೇಟಿಂಗಿನಿಂದ ಸಾಲದ ಕಂತು ತಪ್ಪಿದ ಕಂಪನಿಯ ದರ್ಜೆಗೆ ಬಿದ್ದದ್ದು ಕೆಲವೇ ವಾರಗಳಲ್ಲಿ.

ಬಡ್ಡಿ ಸ್ಥಿರವೋ, ಪೇಟೆಯ ದರದ ಜೊತೆ ಏರಿಳಿಯುತ್ತ ತೇಲುವಂಥದೋ ಎಂಬುದನ್ನೂ ನೋಡಿ. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿದರವನ್ನು) ಶೇಕಡ 4ರಿಂದ 6.5ಕ್ಕೆ ಏರಿಸಿತು. ಸಾವಿರ ಕೋಟಿ ತೇಲುವ ಸಾಲವಿದ್ದ ಕಂಪನಿಗೆ, ಆ ಏರಿಕೆ ಪೂರ್ತಿ ತಟ್ಟಿದ್ದರೆ, ಒಂದು ಚೀಲ ಸರಕೂ ಹೆಚ್ಚು ತಯಾರಿಸದೆ ವರ್ಷಕ್ಕೆ 25 ಕೋಟಿ ಹೆಚ್ಚುವರಿ ವೆಚ್ಚ.

ಕಂಪನಿಯನ್ನು ಕಟ್ಟಿ ಹಿಡಿತದಲ್ಲಿಟ್ಟುಕೊಂಡಿರುವ ಪ್ರವರ್ತಕರು ತಮ್ಮ ಷೇರನ್ನು ಅಡವಿಟ್ಟಿದ್ದಾರೆಯೇ ಎಂಬುದು ಷೇರುದಾರಿಕೆಯ ಪಟ್ಟಿಯಲ್ಲಿರುತ್ತದೆ. ಅದೂ ಸಾಲವೇ, ಕಂಪನಿಯ ಪುಸ್ತಕದ ಹೊರಗಿನ ಸಾಲ.

ಐದನೆಯ ಹೆಜ್ಜೆ: ನಿಮ್ಮ ನಿರೀಕ್ಷೆಯನ್ನು ಮೊದಲೇ ಬರೆಯಿರಿ

ಫಲಿತಾಂಶಕ್ಕೆ ಎರಡು ದಿನ ಮೊದಲು ಮೂರು ಅಂಕಿ ಬರೆಯಿರಿ: ಬಡ್ಡಿಗೆ ಮೊದಲಿನ ಲಾಭ ಎಷ್ಟಿರಬಹುದು, ಬಡ್ಡಿ ಎಷ್ಟಿರಬಹುದು, ಸಾಲ ಏರಿರಬಹುದೋ ಇಳಿದಿರಬಹುದೋ. ಬೆಲೆ ಅಲುಗಾಡುವುದು ಲಾಭಕ್ಕಲ್ಲ, ನಿರೀಕ್ಷೆಗೂ ಬಂದದ್ದಕ್ಕೂ ಇರುವ ಅಂತರಕ್ಕೆ. ಬರೆದಿಡದಿದ್ದರೆ ಫಲಿತಾಂಶ ಬಂದ ಮೇಲೆ ಎಲ್ಲರೂ "ನನಗೆ ಮೊದಲೇ ಗೊತ್ತಿತ್ತು" ಎನ್ನುವವರೇ. ಕುಕ್ಕರಹಳ್ಳಿ ಕೆರೆ ಏರಿಯ ಮೇಲಿನ ನಮ್ಮ ಬೆಳಗಿನ ಗುಂಪಿನಲ್ಲಿ ಆ ಜ್ಞಾನಿಗಳಿಗೆ ಬರವಿಲ್ಲ.

ಆರನೆಯ ಹೆಜ್ಜೆ: ಫಲಿತಾಂಶದ ಹಾಳೆಯನ್ನು ಕ್ರಮವಾಗಿ ಓದಿ

ಕೆಳಗಿನ ಸಾಲಿಗೆ ಕಣ್ಣು ಹೋಗದಂತೆ ಬೇಕಾದರೆ ಕೈಯಿಟ್ಟು ಮುಚ್ಚಿಕೊಳ್ಳಿ. ಮೊದಲು ಮಾರಾಟ, ಅದರಿಂದ ಬಂದ ಕಾರ್ಯಾಚರಣೆಯ ಲಾಭ. ಆಮೇಲೆ ಇತರೆ ಆದಾಯ. ಆಮೇಲೆ ಹಣಕಾಸು ವೆಚ್ಚ. ಆಮೇಲೆ "ಅಸಾಧಾರಣ ಬಾಬು" ಎಂಬ ಸಾಲು. ಇಷ್ಟಾದ ಮೇಲೆ ನಿವ್ವಳ ಲಾಭ.

ಲಾಭ ಏರಿದ್ದು ಯಾವ ಸಾಲಿನಿಂದ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಂದು ಕಂಪನಿಯ ಕಾರ್ಯಾಚರಣೆಯ ಲಾಭ 52 ಕೋಟಿಯಿಂದ 50ಕ್ಕೆ ಇಳಿದಿದೆ, ಬಡ್ಡಿ 22ರಿಂದ 14ಕ್ಕೆ ಇಳಿದಿದೆ ಎನ್ನಿ. ಮಾರಾಟ ಮಂಕಾಗಿದೆ ಎಂದು ಟಿ.ವಿ.ಯವರು ಗೊಣಗುತ್ತಿರುವಾಗಲೇ ಷೇರು ಏರಬಹುದು. ಸಾಲ ಕರಗುತ್ತಿದೆ, ಮುಂದೆ ಬರುವ ಪ್ರತಿ ರೂಪಾಯಿಯಲ್ಲೂ ಷೇರುದಾರನ ಪಾಲು ಗಟ್ಟಿಯಾಗುತ್ತಿದೆ. ಇನ್ನೊಂದು ಕಂಪನಿ ಊರ ಹೊರಗಿನ ಜಾಗ ಮಾರಿ 15 ಕೋಟಿ ಲಾಭ ತೋರಿಸಿರುತ್ತದೆ. ಆ ಲಾಭ ಮತ್ತೆ ಬರುವುದಿಲ್ಲ. ಆದರೆ ಆ ಹಣ ಸಾಲಕ್ಕೆ ಹೋಯಿತೇ ಎಂದು ನೋಡಿ. ಹೋಗಿದ್ದರೆ ಸುದ್ದಿ ಅಷ್ಟು ಕೆಟ್ಟದ್ದಲ್ಲ.

ಹೊಸ ಘಟಕ ಕಟ್ಟುತ್ತಿರುವ ಕಂಪನಿಯಲ್ಲಿ ಮತ್ತೊಂದು ಬಲೆ. ಕಟ್ಟಡ ಮುಗಿಯುವವರೆಗೆ ಅದರ ಸಾಲದ ಬಡ್ಡಿಯನ್ನು ಲಾಭ–ನಷ್ಟಕ್ಕೆ ಹಾಕದೆ ಆಸ್ತಿಯ ಬೆಲೆಗೇ ಸೇರಿಸಬೇಕೆಂದು ಲೆಕ್ಕದ ನಿಯಮವೇ ಹೇಳುತ್ತದೆ. ಘಟಕ ಶುರುವಾದ ತ್ರೈಮಾಸಿಕದಲ್ಲಿ ಬಡ್ಡಿ ಮತ್ತು ಸವಕಳಿ ಎರಡೂ ಒಟ್ಟಿಗೆ ಬಂದು ಲಾಭದ ಮೇಲೆ ಕೂರುತ್ತವೆ. ಅದು ಗೊತ್ತಿದ್ದವರಿಗೆ ಆ ಕುಸಿತ ಸುದ್ದಿಯೇ ಅಲ್ಲ. ಗೊತ್ತಿಲ್ಲದವರು ಅಂದೇ ಮಾರುತ್ತಾರೆ.

ನಾನು ಕೈ ಸುಟ್ಟುಕೊಂಡದ್ದು ಇಂಥ ಹಾಳೆಯಲ್ಲೇ. ಕಂಪನಿಯ ಹೆಸರು ಬೇಡ. ಲಾಭ ಎರಡೂವರೆ ಪಟ್ಟಾಗಿತ್ತು, ಅಂದೇ ಮಧ್ಯಾಹ್ನ ಕೊಂಡೆ. ಸಂಜೆ ಕಾಫಿ ಲೋಟ ಹಿಡಿದು ಹಾಳೆ ತಿರುವಿದಾಗ ಬಡ್ಡಿಗೆ ಮೊದಲಿನ ಲಾಭ ಬಡ್ಡಿಯ ಒಂದೂಕಾಲು ಪಟ್ಟೂ ಇರಲಿಲ್ಲ. ಸಾಲ ಕೊಡುವ ಕುರ್ಚಿಯಲ್ಲಿ ಕೂತಿದ್ದಾಗ ಅಂಥ ಅರ್ಜಿಯನ್ನು ನಾನು ಎರಡನೆಯ ಪುಟಕ್ಕೂ ತಿರುಗಿಸುತ್ತಿರಲಿಲ್ಲ. ನನ್ನದೇ ದುಡ್ಡೆಂದ ಕೂಡಲೇ ವಿದ್ಯೆಯೆಲ್ಲ ಮರೆತುಹೋಗಿತ್ತು. ಎರಡು ತ್ರೈಮಾಸಿಕದ ನಂತರ ಮಾರಾಟ ತುಸು ಇಳಿಯಿತು, ಲಾಭ ನಷ್ಟವಾಯಿತು.

ಏಳನೆಯ ಹೆಜ್ಜೆ: ಷೇರಿನ ಓಟವನ್ನು ಸಾಲದ ಜೊತೆ ಇಟ್ಟು ನೋಡಿ

ಸಾಲವಿಲ್ಲದ ಕಂಪನಿಯಲ್ಲಿ ಒಳ್ಳೆಯದೋ ಕೆಟ್ಟದ್ದೋ, ಸುದ್ದಿ ಪೂರ್ತಿಯಾಗಿ ಷೇರುದಾರನಿಗೆ ಸೇರಿದ್ದು. ಸಾಲವಿಲ್ಲದಿದ್ದರೆ ಷೇರು ಅಲುಗಾಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೈಸೂರಿನವರಿಗೆ ಮನೆಮಾತಾದ ಇನ್ಫೋಸಿಸ್‌ಗೆ ಹೇಳಿಕೊಳ್ಳುವಂಥ ಬ್ಯಾಂಕ್ ಸಾಲವಿಲ್ಲ. 2023ರ ಏಪ್ರಿಲ್‌ನಲ್ಲಿ ಅದರ ಫಲಿತಾಂಶ ಮತ್ತು ಮುನ್ನೋಟ ನಿರೀಕ್ಷೆಗಿಂತ ಕಡಿಮೆ ಬಂದಾಗ ಷೇರು ಒಂದೇ ದಿನ ಶೇಕಡ 9ಕ್ಕೂ ಹೆಚ್ಚು ಕುಸಿಯಿತು. ಆದರೆ ಆ ಕುಸಿತದಲ್ಲಿ "ಕಂಪನಿ ಉಳಿಯುತ್ತದೆಯೇ" ಎಂಬ ಭಯ ಇರಲಿಲ್ಲ. ಬೆಳವಣಿಗೆಯ ಲೆಕ್ಕ ಬದಲಾಯಿತು, ಬೆಲೆ ಬದಲಾಯಿತು, ಮುಗಿಯಿತು.

ಸಾಲ ಹೆಚ್ಚಿರುವಲ್ಲಿ ಕೆಟ್ಟ ಸುದ್ದಿ ಬಂದರೆ ಅದು ಅಲ್ಲಿಗೇ ಮುಗಿಯುವುದಿಲ್ಲ. ಲಾಭ ಇಳಿದರೆ ಬ್ಯಾಂಕಿನ ಕರಾರಿನಲ್ಲಿರುವ ಅನುಪಾತ ತಪ್ಪುತ್ತದೆ. ಅನುಪಾತ ತಪ್ಪಿದರೆ ಬಡ್ಡಿ ಏರಿಸಲು, ಹೊಸ ಹಣ ತಡೆಹಿಡಿಯಲು ಬ್ಯಾಂಕಿಗೆ ಹಕ್ಕು ಬರುತ್ತದೆ. ರೇಟಿಂಗ್ ಇಳಿದರೆ ಸರಕು ಕೊಡುವವರು ಉದ್ದರಿ ನಿಲ್ಲಿಸುತ್ತಾರೆ. ಪ್ರವರ್ತಕರ ಷೇರು ಅಡವಿದ್ದರೆ, ಬೆಲೆ ಬಿದ್ದಾಗ ಅಡವು ಹಿಡಿದವರು ಇನ್ನಷ್ಟು ಷೇರು ಕೇಳುತ್ತಾರೆ. ಸಿಗದಿದ್ದರೆ ಅಡವಿಟ್ಟದ್ದನ್ನು ಪೇಟೆಯಲ್ಲಿ ಮಾರುತ್ತಾರೆ, ಬೆಲೆ ಮತ್ತೂ ಬೀಳುತ್ತದೆ. ಕೊನೆಗೆ ಕಂಪನಿ ಅಗ್ಗದ ಬೆಲೆಗೆ ಹೊಸ ಷೇರು ಹೊರಡಿಸಿ ಹಣ ಎತ್ತುತ್ತದೆ. ಹಳೆಯ ಷೇರುದಾರನ ಪಾಲು ನೀರಾಗುತ್ತದೆ. ಲಾಭ ಇಳಿದದ್ದು ಶೇಕಡ 10, ಷೇರು ಇಳಿದದ್ದು ಶೇಕಡ 30 ಏಕೆ ಎಂದರೆ ಈ ಸರಪಳಿಯನ್ನು ಪೇಟೆ ಮೊದಲೇ ನೆನೆದುಕೊಂಡಿರುತ್ತದೆ. ಸರದಿಯ ಕೊನೆಯಲ್ಲಿ ಯಾರಿದ್ದಾರೆ ಎಂಬುದನ್ನು 2016ರ ದಿವಾಳಿ ಸಂಹಿತೆಯೇ ಬರೆದಿಟ್ಟಿದೆ: ಭದ್ರತೆ ಪಡೆದು ಸಾಲ ಕೊಟ್ಟವರು, ಕಾರ್ಮಿಕರು, ಸರ್ಕಾರ, ಎಲ್ಲರೂ ಮುಗಿದ ಮೇಲೆ ಷೇರುದಾರ. ಡಿಎಚ್‌ಎಫ್‌ಎಲ್ ಎಂಬ ಗೃಹಸಾಲ ಸಂಸ್ಥೆ 2021ರಲ್ಲಿ ಹೊಸ ಒಡೆಯರ ಕೈ ಸೇರಿದಾಗ ಹಳೆಯ ಷೇರುದಾರರಿಗೆ ಏನೂ ಸಿಗಲಿಲ್ಲ.

ಸಾಲ ಹೆಚ್ಚಿರುವಲ್ಲಿ ಒಳ್ಳೆಯ ಸುದ್ದಿ ಬಂದರೆ? ಇಲ್ಲಿ ಎರಡು ದಾರಿ. ಲಾಭ ಏರಿದೆ, ಸಾಲ ಇದ್ದ ಹಾಗೇ ಇದೆ ಎಂದರೆ ಷೇರು ಸುಮ್ಮನೆ ಮಲಗಿರಬಹುದು. ಸಾಲದ ಹೊರೆ ಹೊತ್ತ ಕಂಪನಿ ಒಳ್ಳೆಯ ಯೋಜನೆಗಳನ್ನೂ ಕೈಬಿಡುತ್ತದೆ, ಏಕೆಂದರೆ ಅದರ ಫಲ ಮೊದಲು ಸಾಲ ಕೊಟ್ಟವರಿಗೇ ಹೋಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಸ್ಟೀವರ್ಟ್ ಮೈಯರ್ಸ್ 1977ರಲ್ಲೇ ತೋರಿಸಿದ್ದರು. ಆದರೆ ಆ ಫಲಿತಾಂಶದಿಂದ ಕಂಪನಿ ಅಪಾಯದ ಗೆರೆಯನ್ನೇ ದಾಟಿತು ಎನ್ನಿ: ಮಾರ್ಚ್‌ನ ದೊಡ್ಡ ಕಂತು ತೀರಿತು, ರೇಟಿಂಗ್ ಏರಿತು. ಆಗ ಲಾಭ ಶೇಕಡ 10 ಏರಿದರೂ ಷೇರು ಶೇಕಡ 20 ಏರಬಹುದು. ಪೇಟೆ ಬೆಲೆ ಕಟ್ಟಿದ್ದು ಲಾಭಕ್ಕಲ್ಲ, ಹೋದ ಭಯಕ್ಕೆ. 1991ರ ಆ ಸಂಶೋಧನೆ ಹೇಳಿದ್ದು ಸರಾಸರಿಯ ಮಾತು. ಒಂದೊಂದು ಕಂಪನಿಗೂ ಅದನ್ನೇ ಕಣ್ಣುಮುಚ್ಚಿ ಅಂಟಿಸಿದರೆ ತಪ್ಪಾಗುತ್ತದೆ.

ಮೂರು, ನಾಲ್ಕು ರೂಪಾಯಿಗೆ ಇಳಿದ, ಸಾಲದಲ್ಲಿ ಮುಳುಗಿದ ಷೇರುಗಳು ಯಾವ ಸಣ್ಣ ಸುದ್ದಿಗೂ ಕುಣಿಯುವುದನ್ನು ನೋಡಿರುತ್ತೀರಿ. ಕಂಪನಿಯ ಬೆಲೆ ಸಾಲಕ್ಕಿಂತ ಕೆಳಗಿದ್ದಾಗ ಷೇರು ಎನ್ನುವುದು ಲಾಟರಿ ಚೀಟಿಯಂತೆ. ಈ ಯೋಚನೆಗೆ ಗಣಿತದ ರೂಪ ಕೊಟ್ಟವರು ಅರ್ಥಶಾಸ್ತ್ರಜ್ಞ ರಾಬರ್ಟ್ ಮರ್ಟನ್, 1974ರಲ್ಲಿ. ಅಲ್ಲಿ ಫಲಿತಾಂಶ ಓದಿ ಪ್ರಯೋಜನವಿಲ್ಲ.

ಎಂಟನೆಯ ಹೆಜ್ಜೆ: ಅವಸರ ಬೇಡ, ಮಾತುಕತೆ ಓದಿ

ಫಲಿತಾಂಶದ ನಂತರ ಕಂಪನಿಯವರು ವಿಶ್ಲೇಷಕರ ಜೊತೆ ನಡೆಸುವ ಮಾತುಕತೆಯ ಬರಹ ಕೆಲವು ದಿನಗಳಲ್ಲಿ ಷೇರುಪೇಟೆಯ ಜಾಲತಾಣಕ್ಕೆ ಬರುತ್ತದೆ. ಅದರಲ್ಲಿ ಸಾಲ ಎಂಬ ಪದ ಬಂದ ಕಡೆಯೆಲ್ಲ ನಿಂತು ಓದಿ. "ಮುಂದಿನ ಮಾರ್ಚ್‌ಗೆ ಇಷ್ಟು ಇಳಿಸುತ್ತೇವೆ" ಎಂದು ಅಂಕಿ ಹೇಳಿದರೆ ಅದನ್ನು ತಾರೀಖಿನ ಸಮೇತ ಬರೆದಿಡಿ. "ಸೂಕ್ತ ಮಟ್ಟದಲ್ಲಿಡುತ್ತೇವೆ" ಎಂದರೆ ಅದನ್ನೂ ಬರೆದಿಡಿ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಮೊದಲ ದಿನವೇ ಓಡಬೇಕಾಗಿಲ್ಲ. ಅನಿರೀಕ್ಷಿತ ಫಲಿತಾಂಶ ಬಂದ ದಿಕ್ಕಿನಲ್ಲೇ ಬೆಲೆ ಸುಮಾರು 60 ವಹಿವಾಟು ದಿನಗಳವರೆಗೂ ನಿಧಾನವಾಗಿ ಸರಿಯುತ್ತದೆ ಎಂದು ಸಂಶೋಧಕರಾದ ಬರ್ನಾರ್ಡ್ ಮತ್ತು ಥಾಮಸ್ 1989ರಲ್ಲಿ ಅಮೆರಿಕದ ಷೇರುಗಳಲ್ಲಿ ಕಂಡಿದ್ದರು. ಎರಡು ದಿನ ಓದಿ ತೀರ್ಮಾನಿಸಿದರೆ ಬಸ್ಸು ತಪ್ಪುವುದಿಲ್ಲ. ಒಂದೇ ಒಂದು ಸೂಚನೆಗೆ ಮಾತ್ರ ಕಾಯಬೇಡಿ: ಸಾಲದ ಕಂತು ತಪ್ಪಿ 30 ದಿನ ಕಳೆದರೆ ಕಂಪನಿ 24 ಗಂಟೆಯೊಳಗೆ ಷೇರುಪೇಟೆಗೆ ತಿಳಿಸಬೇಕೆಂಬ ನಿಯಮ 2020ರ ಜನವರಿಯಿಂದ ಇದೆ. ಆ ಪತ್ರ ಬಂದ ಮೇಲೆ ಲಾಭದ ಲೆಕ್ಕ ಹಿಡಿದು ಕೂರುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ದಾರಿಯೂ ಇದೆ, ಹೆಚ್ಚಿನವರು ಬಳಸುವುದಿಲ್ಲ. ಒಂದೇ ಷೇರಿದ್ದರೂ ವಾರ್ಷಿಕ ಮಹಾಸಭೆಯಲ್ಲಿ ಪ್ರಶ್ನೆ ಕೇಳಬಹುದು. ಆನ್‌ಲೈನ್ ಸಭೆಯಾದರೆ ಮಾತನಾಡುವವರಾಗಿ ಮೊದಲೇ ಹೆಸರು ನೋಂದಾಯಿಸಿಕೊಳ್ಳಬೇಕು, ಅಷ್ಟೇ. ಒಂದು ವರ್ಷ ಕುವೆಂಪುನಗರದ ಮನೆಯಲ್ಲಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಮೊಬೈಲಿನ ಮುಂದೆ ಕೂತು ನಾನೂ ಕೇಳಿದೆ: "ವರ್ಷಾಂತ್ಯದ ಸಾಲಕ್ಕೆ ಹೋಲಿಸಿದರೆ ಬಡ್ಡಿ ಶೇಕಡ 17 ಆಗುತ್ತದೆ. ವರ್ಷದ ನಡುವೆ ನಿಮ್ಮ ಸಾಲ ಎಷ್ಟಿರುತ್ತದೆ?" ಅಧ್ಯಕ್ಷರು ಬಹಳ ಸೌಜನ್ಯದಿಂದ, ಕಂಪನಿಯ ಜೊತೆ ನಾನು ಇಟ್ಟುಕೊಂಡಿರುವ ದೀರ್ಘಕಾಲದ ಸಂಬಂಧಕ್ಕೆ ಕೃತಜ್ಞತೆ ಹೇಳಿ ಮುಂದಿನ ಷೇರುದಾರರನ್ನು ಕರೆದರು. ಮರುದಿನ ಬೆಳಿಗ್ಗೆ ಒಂಬತ್ತೂಕಾಲಕ್ಕೆ ಪೇಟೆ ತೆರೆದ ಕೂಡಲೇ ಆ ಸಂಬಂಧವನ್ನು ಮುಗಿಸಿದೆ.